ಸುದ್ದಿಮನೆಯ ಹೊಸ್ತಿಲಲ್ಲಿ

ಯಾವುದೇ ವೃತ್ತಿಗೆ ಪ್ರವೇಶ ದೊರೆಯುವ ಬಗೆಯು ಆ ವೃತ್ತಿಯ ಶೀಲವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅಕ್ಕಸಾಲಿಗನ ಬಳಿ ಕೆಲಸ ಕಲಿಯಲು ಬಂದ ಹುಡುಗ ಮೊದಲ ದಿನವೇ ಚಿನ್ನವನ್ನು ಮುಟ್ಟುವುದಿಲ್ಲ. ವೈದ್ಯನಾಗಲು ಹೊರಟವನು ವರ್ಷಗಟ್ಟಲೆ ಓದಿದ ಮೇಲೆಯೇ ರೋಗಿಯ ನಾಡಿ ಹಿಡಿಯುತ್ತಾನೆ. ಪತ್ರಿಕಾವೃತ್ತಿಯೂ ಬಹುಕಾಲ ಹೀಗೆಯೇ ಇತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರು ಸಮಾಚಾರ’ವನ್ನು ಹೊರತಂದ ದಿನದಿಂದ ಸುಮಾರು ನೂರೈವತ್ತು ವರ್ಷಗಳ ಕಾಲ, ಕನ್ನಡದಲ್ಲಿ ಸುದ್ದಿ ಬರೆಯಬೇಕೆಂದವನು ಮೊದಲು ಯಾವುದಾದರೊಂದು ಮುದ್ರಣಾಲಯದ ಮೆಟ್ಟಿಲು ಹತ್ತಬೇಕಾಗಿತ್ತು. ಕರಡು ತಿದ್ದಬೇಕು, ರಾತ್ರಿಪಾಳಿಯಲ್ಲಿ ಕೂಡಬೇಕು, ತಾನು ಬರೆದ ಹತ್ತು ಸಾಲುಗಳಲ್ಲಿ ಆರನ್ನು ಹಿರಿಯರು ಹೊಡೆದುಹಾಕಿದಾಗ ಸುಮ್ಮನಿರಬೇಕು. ಮುಳಬಾಗಿಲಿನಿಂದ ಬೆಂಗಳೂರಿಗೆ ಬಂದ ಡಿ.ವಿ. ಗುಂಡಪ್ಪನವರು ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ. ಪತ್ರಿಕೆಗಳಲ್ಲಿ ದುಡಿಯುತ್ತಲೇ ಕಲಿತು, ಮುಂದೆ ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನು ಬರೆಯುವಷ್ಟು ಅದರ ಧರ್ಮವನ್ನು ಚಿಂತಿಸಿದರು.

ಆ ಕಾಲದ ಸುದ್ದಿಮನೆಯ ಬಾಗಿಲು ಇಕ್ಕಟ್ಟಾಗಿತ್ತೆಂಬುದು ನಿಜ. ಪರಿಚಯವಿಲ್ಲದವರಿಗೆ, ಹಳ್ಳಿಯವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅದು ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. ಆದರೆ ಆ ಇಕ್ಕಟ್ಟಾದ ಬಾಗಿಲು ಒಂದು ಉಪಕಾರವನ್ನೂ ಮಾಡುತ್ತಿತ್ತು: ಒಳಗೆ ಬಂದವನು ಬರೆಯುವ ಮೊದಲು ತಡೆದು ನಿಲ್ಲುವುದನ್ನು ಕಲಿಯುತ್ತಿದ್ದನು. ಇಂದು ಬಾಗಿಲು ಅಗಲವಾಗಿ ತೆರೆದಿದೆ. ಕೈಯಲ್ಲೊಂದು ದೂರವಾಣಿ ಇರುವ ಹದಿನೆಂಟರ ವಿದ್ಯಾರ್ಥಿಯೂ ತಾನು ಕಂಡದ್ದನ್ನು ಬರೆದು, ಚಿತ್ರ ಸಹಿತ, ಅರ್ಧ ಗಂಟೆಯೊಳಗೆ ನಾಡಿಗೆಲ್ಲ ತಲುಪಿಸಬಲ್ಲನು. ಬಾಗಿಲು ತೆರೆದುದು ಒಳ್ಳೆಯದೇ. ಆದರೆ ಹಿಂದೆ ಆ ಬಾಗಿಲಲ್ಲಿ ನಿಂತಿದ್ದ ಕಾವಲಿನ ಕೆಲಸವನ್ನು ಇನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಬೆಂಗಳೂರಿನ ಮಟ್ಟಿಗೆ ಈ ಬದಲಾವಣೆಯ ಚರಿತ್ರೆ ದೀರ್ಘವಾದುದೇನಲ್ಲ. ವಿದೇಶ ಸಂಚಾರ ನಿಗಮವು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಜಾಲಪತ್ರಿಕೆಯನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು ಬಂದ ಮೇಲೆ ಮನೆಯ ಗಣಕದಲ್ಲಿಯೇ ಕನ್ನಡ ಬೆರಳಚ್ಚು ಮಾಡುವುದು ಸುಲಭವಾಯಿತು. ಆದರೂ ಒಂದು ಗಣಕದಲ್ಲಿ ಮೂಡಿದ ಅಕ್ಷರಗಳು ಇನ್ನೊಂದರಲ್ಲಿ ಬರಿಯ ಚೌಕಗಳಾಗಿಯೋ ಅರ್ಥವಿಲ್ಲದ ಚಿಹ್ನೆಗಳಾಗಿಯೋ ಕಾಣುತ್ತಿದ್ದ ಕಾಲವದು. ಯೂನಿಕೋಡ್ ಎಂಬ ಸಮಾನ ಸಂಕೇತವ್ಯವಸ್ಥೆ ಬಳಕೆಗೆ ಬಂದ ಮೇಲೆ ಆ ತೊಡಕು ನೀಗಿತು. 2000ದಲ್ಲಿ ಎಸ್.ಕೆ. ಶಾಮಸುಂದರ ಅವರ ಸಂಪಾದಕತ್ವದಲ್ಲಿ ‘ದಟ್ಸ್‌ಕನ್ನಡ’ ಆರಂಭವಾಯಿತು. ಇಂದು ‘ಒನ್‌ಇಂಡಿಯಾ ಕನ್ನಡ’ವೆಂಬ ಹೆಸರಿನಲ್ಲಿರುವ ಈ ಸುದ್ದಿತಾಣದ ಕಚೇರಿ ಬಹುಕಾಲ ಇದ್ದದ್ದು ಜಯನಗರದಲ್ಲಿಯೇ. 2008ರಲ್ಲಿ ಮೀರಾ ಕೆ. ಮತ್ತು ಸುಬ್ರಮಣಿಯಂ ವಿನ್ಸೆಂಟ್ ಅವರು ನಗರದ ಕೆರೆ, ಕಸ, ರಸ್ತೆ, ವಾರ್ಡುಗಳ ವಿಷಯಕ್ಕೇ ಮೀಸಲಾದ ‘ಸಿಟಿಜನ್ ಮ್ಯಾಟರ್ಸ್’ ಎಂಬ ಇಂಗ್ಲಿಷ್ ಜಾಲಪತ್ರಿಕೆಯನ್ನು ಸ್ಥಾಪಿಸಿ, ವೃತ್ತಿಪರರಲ್ಲದ ನಾಗರಿಕರೂ ಅದರಲ್ಲಿ ಬರೆಯಲು ಎಡೆಮಾಡಿದರು. ಪತ್ರಿಕೋದ್ಯಮದ ಶಿಕ್ಷಣವೂ ಇದೇ ಹಾದಿಯಲ್ಲಿ ಬದಲಾಯಿತು. 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜರ್ನಲಿಸಂ ಅಂಡ್ ನ್ಯೂ ಮೀಡಿಯಾ ಸಂಸ್ಥೆಯು ‘ದಿ ಸಾಫ್ಟ್‌ಕಾಪಿ’ ಎಂಬ ಜಾಲಪತ್ರಿಕೆಯನ್ನು ತನ್ನ ವಿದ್ಯಾರ್ಥಿಗಳಿಂದಲೇ ಬರೆಯಿಸಿತು.

ತೆರೆದ ಬಾಗಿಲಿನ ಅಪಾಯವನ್ನೂ ಈ ನಗರ ಕಂಡಿದೆ. 2012ರ ಆಗಸ್ಟ್ ತಿಂಗಳಿನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗಲಿದೆಯೆಂಬ ಸುಳ್ಳು ಸುದ್ದಿ ದೂರವಾಣಿಯ ಸಂದೇಶಗಳ ಮೂಲಕ ಹಬ್ಬಿ, ಇಲ್ಲಿ ಓದುತ್ತಿದ್ದ, ದುಡಿಯುತ್ತಿದ್ದ ಸಾವಿರಾರು ಜನರು ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಧಾವಿಸಿದರು. ಕೇಂದ್ರ ಸರ್ಕಾರವು ಸಗಟು ಸಂದೇಶಗಳನ್ನು ಹದಿನೈದು ದಿನ ನಿರ್ಬಂಧಿಸಬೇಕಾಯಿತು. 2018ರ ಮೇ ತಿಂಗಳಿನಲ್ಲಿ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಭ್ರಮಿಸಿ ಜನರು ಹೊಡೆದು ಕೊಂದರು. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂಬ ಗಾಳಿಮಾತು ಅದಕ್ಕೂ ಮುನ್ನ ಹಲವು ದಿನಗಳಿಂದ ಕೈಯಿಂದ ಕೈಗೆ ಹರಿದಾಡಿತ್ತು. ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಬಹುಮಂದಿ ಕೇಡನ್ನು ಬಯಸಿದವರಾಗಿರಲಾರರು. ತಡೆದು ವಿಚಾರಿಸುವ ಅಭ್ಯಾಸ ಅವರಲ್ಲಿ ಇರಲಿಲ್ಲ, ಅಷ್ಟೆ. ಸುದ್ದಿಯ ವೃತ್ತಿಗೆ ಬರುವ ವಿದ್ಯಾರ್ಥಿಗೂ ಗಾಳಿಮಾತನ್ನು ಹರಡುವವನಿಗೂ ಕೈಯಲ್ಲಿರುವ ಉಪಕರಣ ಒಂದೇ ಆಗಿರುವ ಈ ಕಾಲದಲ್ಲಿ, ಅವರಿಬ್ಬರ ನಡುವಣ ಅಂತರವು ಈ ತಡೆದು ನಿಲ್ಲುವಿಕೆಯಲ್ಲಿ ಮಾತ್ರವೇ ಇದೆ.

ಬನಶಂಕರಿ ಎರಡನೆಯ ಹಂತದ ಒಬ್ಬ ವಿದ್ಯಾರ್ಥಿನಿಯ ಅನುಭವವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಪಯುಕ್ತವಾದೀತು. ಹಾಸನ ಜಿಲ್ಲೆಯಿಂದ ಒಂದು ತಲೆಮಾರಿನ ಹಿಂದೆ ಬೆಂಗಳೂರಿಗೆ ಬಂದು ನೆಲೆಸಿದ ಜೈನ ಕುಟುಂಬ ಆಕೆಯದು. ತಂದೆ ಬ್ಯಾಂಕಿನಿಂದ ನಿವೃತ್ತರಾದವರು. ಬಿ.ಎ. ಎರಡನೆಯ ವರ್ಷದಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಓದುತ್ತಿದ್ದ ಆಕೆ, 2022ರಲ್ಲಿ ನಗರದ ಒಂದು ಜಾಲಪತ್ರಿಕೆಗೆ ಬರೆಯಲು ಆರಂಭಿಸಿದಳು. ಮನೆಯಲ್ಲಿ ಇದಕ್ಕೆ ವಿರೋಧವೇನೂ ಇರಲಿಲ್ಲ, ಆದರೆ ಅಂಜಿಕೆ ಇತ್ತು. “ನಿನ್ನ ಹೆಸರು ಹಾಕಿ ಬರೆಯುತ್ತೀ. ನಾಳೆ ಯಾರಾದರೂ ಸಿಟ್ಟಿಗೆದ್ದು ಮನೆಯ ಮುಂದೆ ಬಂದು ನಿಂತರೆ ಏನು ಮಾಡೋಣ?” ಎಂದು ತಾಯಿ ಕೇಳಿದರು. ಆಕೆಯ ಬಳಿ ಅದಕ್ಕೆ ಉತ್ತರವಿರಲಿಲ್ಲ. ನಿಜ ಬರೆದರೆ ಯಾರೂ ಸಿಟ್ಟಾಗುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲೂ ಆಕೆ ಹೋಗಲಿಲ್ಲ.

ಮೊದಲ ಬರಹ ಕಾಲುದಾರಿಯ ವಿಷಯ. ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ರಸ್ತೆಯ ಚರಂಡಿಯ ಮೇಲೆ ಹಲವು ಕಡೆ ಚಪ್ಪಡಿಗಳಿರಲಿಲ್ಲ. ‘ಅಧಿಕಾರಿಗಳ ನಿರ್ಲಕ್ಷ್ಯ’ ಎಂಬ ತಲೆಬರಹ ಕೊಟ್ಟು, ಎರಡು ಪುಟ ಆವೇಶದಿಂದ ಬರೆದು ಕಳುಹಿಸಿದಳು. ಸಂಪಾದಕರು ಅದನ್ನು ಹಿಂದಿರುಗಿಸಿ ಕೆಲವು ಪ್ರಶ್ನೆಗಳನ್ನಷ್ಟೇ ಬರೆದರು: ಎಷ್ಟು ಕಡೆ ಚಪ್ಪಡಿ ಇಲ್ಲ? ಎಂದಿನಿಂದ ಇಲ್ಲ? ಹಾಕಿಸಬೇಕಾದವರು ಯಾರು? ಅವರನ್ನು ಕೇಳಿದಿರಾ? ಆಕೆ ಮತ್ತೆ ಹೋಗಿ ಎಣಿಸಿದಳು. ದಿನಾಂಕ ಹಾಕಿ ಚಿತ್ರ ತೆಗೆದಳು. ಅಂಗಡಿಯವರನ್ನು, ಹೂ ಮಾರುವ ಹೆಂಗಸನ್ನು ವಿಚಾರಿಸಿದಳು. ವಾರ್ಡಿನ ಸಹಾಯಕ ಇಂಜಿನಿಯರರ ಕಚೇರಿಗೆ ಎರಡು ಸಲ ಅಲೆದಳು. ಬಾಯಿಮಾತಿನಲ್ಲಿ ಸಿಗದ ಲೆಕ್ಕಕ್ಕಾಗಿ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟು, ಕಾನೂನು ಹೇಳುವ 30 ದಿನಗಳ ಅವಧಿ ಮುಗಿಯುವವರೆಗೆ ಕಾದಳು. ಬರಹ ಮೂರು ಸಲ ತಿದ್ದಿಸಿಕೊಂಡು ಕೊನೆಗೆ ಪ್ರಕಟವಾದಾಗ ಅದರಲ್ಲಿ ‘ನಿರ್ಲಕ್ಷ್ಯ’ ಎಂಬ ಪದ ಎಲ್ಲಿಯೂ ಇರಲಿಲ್ಲ. ಸಂಖ್ಯೆಗಳಿದ್ದವು, ದಿನಾಂಕಗಳಿದ್ದವು, ಇಂಜಿನಿಯರರ ಉತ್ತರವಿತ್ತು. ಪಾಲಿಕೆಯವರು ಬಂದು ಎರಡು ಚಪ್ಪಡಿಗಳನ್ನು ಹಾಕಿದರು. ಉಳಿದವು ಹಾಗೆಯೇ ಉಳಿದವು. ಗೌರವಧನ ಬಂದದ್ದು ಬಹಳ ತಡವಾಗಿ, ಅದೂ ಬಸ್ಸಿನ ಖರ್ಚಿಗೆ ಸರಿಹೋಗುವಷ್ಟು.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಜಾಲಪತ್ರಿಕೆಯಲ್ಲಿ ಬರೆಯುವುದೆಂದರೆ ಮನೆಯಲ್ಲಿ ಕುಳಿತು ಬೆರಳಾಡಿಸುವ ಕೆಲಸವೆಂದು ಅನೇಕ ಪೋಷಕರು ತಿಳಿದಿರುತ್ತಾರೆ. ಮಕ್ಕಳೂ ಹಾಗೆಯೇ ತಿಳಿದು ಹೊರಡುತ್ತಾರೆ. ವಾಸ್ತವದಲ್ಲಿ ಹೊಸಬರಿಗೆ ಅದು ಕಾಲಿನ ಕೆಲಸ, ಕಿವಿಯ ಕೆಲಸ, ಕಾಯುವ ಕೆಲಸ. ದೊಡ್ಡ ವಿಷಯಗಳ ಮೇಲೆ ಅಭಿಪ್ರಾಯ ಬರೆದು ಕಳುಹಿಸುವ ವಿದ್ಯಾರ್ಥಿಗಳು ಹಲವರು; ತಮ್ಮ ಬೀದಿಯ ಒಂದು ಪ್ರಶ್ನೆಯನ್ನು ಕೊನೆಯವರೆಗೆ ಬೆನ್ನಟ್ಟಿ ಹೋಗುವವರು ಕೆಲವರು. ಸಂಪಾದಕರು ನಂಬಿ ಮತ್ತೊಂದು ಕೆಲಸ ಕೊಡುವುದು ಈ ಎರಡನೆಯವರಿಗೆ. ಪರಿಚಯದವರ ಶಿಫಾರಸಿಗಿಂತ ತಿದ್ದಿಸಿಕೊಳ್ಳುವ ಸಹನೆಯೇ ಈ ಮನೆಯ ಹೊಸ್ತಿಲು ದಾಟಿಸುತ್ತದೆ.

ಆಕೆಯ ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಸಮಾಜದ ಟ್ರಸ್ಟೊಂದು ನಡೆಸುವ ಸಮುದಾಯ ಭವನವಿತ್ತು. ಅಲ್ಲಿ ನಡೆದ ಒಂದು ಮದುವೆಗೆ ಮನೆಯವರೊಡನೆ ಹೋಗಿದ್ದಾಗ, ಊಟದ ನಂತರ ಹಿಂಬದಿಯ ಬೀದಿಯಲ್ಲಿ ಬಾಳೆಲೆ, ಉಳಿದ ಅನ್ನ, ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ ಎಲ್ಲವನ್ನೂ ಒಟ್ಟಾಗಿ ಒಂದು ಸಣ್ಣ ಲಾರಿಗೆ ತುಂಬುತ್ತಿದ್ದುದನ್ನು ಕಂಡಳು. ಕೆಲವು ದಿನಗಳ ಮೇಲೆ, ಹತ್ತಿರದ ರಾಜಕಾಲುವೆಯ ದಂಡೆಯಲ್ಲಿ ಅದೇ ಬಗೆಯ ರಾಶಿ ಕೊಳೆಯುತ್ತಿದ್ದುದನ್ನೂ, ಅದರ ಸುತ್ತ ನಾಯಿಗಳು, ಹಸುಗಳು ನೆರೆದಿದ್ದುದನ್ನೂ ಕಂಡಳು. ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು 2016ರ ಮಾರ್ಚ್ ತಿಂಗಳಿನಲ್ಲಿಯೇ ನಿಷೇಧಿಸಿತ್ತು. ಅದೇ ವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ದಿನಕ್ಕೆ ಸರಾಸರಿ 100 ಕಿಲೋಗ್ರಾಂಗಿಂತ ಹೆಚ್ಚು ಕಸವನ್ನು ಉಂಟುಮಾಡುವ ಸ್ಥಳಗಳಿಗೆ ವಿಶೇಷ ಹೊಣೆಯನ್ನು ವಿಧಿಸಿದ್ದವು. ಬೆಂಗಳೂರಿನ ಕಸ ಯಾರ ಅಂಗಳಕ್ಕೆ ಹೋಗುತ್ತದೆಂಬುದು ಹೊಸ ಪ್ರಶ್ನೆಯೂ ಅಲ್ಲ: 2012ರಲ್ಲಿ ಮಾವಳ್ಳಿಪುರದವರು, 2014ರಲ್ಲಿ ಮಂಡೂರಿನವರು, ತಮ್ಮ ನೀರು ಗಾಳಿ ಕೆಟ್ಟುವೆಂದು ಪ್ರತಿಭಟಿಸಿ ಇಡೀ ನಗರಕ್ಕೆ ಆ ಪ್ರಶ್ನೆಯನ್ನು ಕೇಳಿದ್ದರು. ವಿಷಯ ಬರೆಯಲು ಯೋಗ್ಯವಾಗಿತ್ತೆಂಬುದರಲ್ಲಿ ಅನುಮಾನವಿರಲಿಲ್ಲ.

ತೊಡಕು ಬೇರೆ ಕಡೆ ಇತ್ತು. ಆ ಟ್ರಸ್ಟಿನ ಕಾರ್ಯದರ್ಶಿಗಳು ಆಕೆಯ ದೊಡ್ಡಪ್ಪನೇ. ಕಸ ಸಾಗಿಸುವ ಗುತ್ತಿಗೆದಾರನಿಗೆ ರಸೀದಿ ಇಲ್ಲದೆ ಹಣ ಕೊಡುತ್ತಿದ್ದಾರೆಂಬ ಸಂಗತಿಯೂ ಆಕೆಗೆ ತಿಳಿದಿತ್ತು. ಅದು ತಿಳಿದದ್ದು ಹಬ್ಬದ ದಿನ ದೊಡ್ಡಪ್ಪನ ಮನೆಯಲ್ಲಿ ಊಟಕ್ಕೆ ಕುಳಿತಾಗ ಹಿರಿಯರು ಆಡಿದ ಮಾತಿನಿಂದ. ಈಗ ಆಕೆಯ ಮುಂದೆ ಎರಡು ಸುಲಭವಾದ ದಾರಿಗಳಿದ್ದವು. ನಮ್ಮವರ ವಿಷಯ ನಮಗೇಕೆಂದು ಸುಮ್ಮನಿರುವುದು ಒಂದು. ತನಗಲ್ಲದೆ ಬೇರಾರಿಗೂ ತಿಳಿಯದ ಆ ರಸೀದಿಯ ಸಂಗತಿಯನ್ನೇ ಮುಂದಿಟ್ಟು, ಎಲ್ಲರ ಕಣ್ಣು ಸೆಳೆಯುವ ಬರಹವೊಂದನ್ನು ಬರೆದು ಹೆಸರು ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯಕ್ಕೆ ದ್ರೋಹ, ಎರಡನೆಯದರಲ್ಲಿ ವಿಶ್ವಾಸಕ್ಕೆ ದ್ರೋಹ.

ಶ್ರಾವಕರ ಸತ್ಯಾಣುವ್ರತವನ್ನು ವಿವರಿಸುವ ಪ್ರಾಚೀನರು ಆ ವ್ರತದ ಅತಿಚಾರಗಳನ್ನು ಹೇಳುವಾಗ ಬರಿಯ ಸುಳ್ಳಾಡುವುದಕ್ಕೆ ನಿಲ್ಲಲಿಲ್ಲವೆಂಬುದು ಇಲ್ಲಿ ನೆನಪಾಗುತ್ತದೆ. ಇಲ್ಲದ ಲೇಖವನ್ನು ಸೃಷ್ಟಿಸುವ ಕೂಟಲೇಖಕ್ರಿಯೆಯ ಜೊತೆಗೆ, ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವ ರಹೋಭ್ಯಾಖ್ಯಾನವನ್ನೂ, ಮುಖಭಾವ ಇಂಗಿತಗಳಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ ಹೊರಗೆಡಹುವ ಸಾಕಾರಮಂತ್ರಭೇದವನ್ನೂ ಅವರು ಎಣಿಸಿದ್ದಾರೆ. ನಿಜವಾದದ್ದೆಲ್ಲವೂ ಹೇಳಬಹುದಾದದ್ದಲ್ಲ, ನಿಜವನ್ನು ಯಾವ ದಾರಿಯಿಂದ ಪಡೆದೆವು ಎಂಬುದೂ ಸತ್ಯದ ಒಂದು ಅಂಗ. ಇಂದಿನ ಸುದ್ದಿಮನೆಗಳ ಭಾಷೆಯಲ್ಲಿ ‘ಹೆಸರು ಹೇಳದ ಮೂಲ’, ‘ಹಿತಾಸಕ್ತಿಯ ಸಂಘರ್ಷ’, ‘ಖಾಸಗಿತನ’ ಎಂದು ಕರೆಯುವ ಪ್ರಶ್ನೆಗಳೂ ಇವೇ. ಹಾಗೆಂದು ಈ ಮಾತನ್ನು ತಪ್ಪನ್ನು ಮುಚ್ಚಿಡಲು ಗುರಾಣಿಯಾಗಿ ಹಿಡಿಯಬಾರದು. ಊಟದ ಮನೆಯ ಮಾತು ಏಕಾಂತದ್ದು; ರಾಜಕಾಲುವೆಯ ದಂಡೆಯ ರಾಶಿ ಏಕಾಂತದ್ದಲ್ಲ.

ಆಕೆ ಈ ಎರಡನ್ನೂ ಬೇರ್ಪಡಿಸಿದಳು. ತಾನು ಬೀದಿಯಲ್ಲಿ ನಿಂತು ಕಂಡದ್ದು, ಯಾರು ಬೇಕಾದರೂ ಕಾಣಬಹುದಾದದ್ದು, ಒಂದು ಹಾಳೆಯಲ್ಲಿ. ತಾನು ನೆಂಟಳೆಂಬ ಕಾರಣಕ್ಕೆ ಮಾತ್ರ ಕೇಳಿದ್ದು, ಯಾವ ಹಾಳೆಯಲ್ಲಿಯೂ ಇಲ್ಲ. ಆಮೇಲೆ ಸಂಪಾದಕರಿಗೆ ತನ್ನ ನೆಂಟಸ್ತಿಕೆಯನ್ನು ತಾನಾಗಿಯೇ ತಿಳಿಸಿದಳು. ಅವರು ತಡಮಾಡದೆ ಹೇಳಿದರು: ಈ ವಿಷಯವನ್ನು ಪತ್ರಿಕೆ ಬರೆಯುತ್ತದೆ, ಆದರೆ ಆಕೆ ಬರೆಯುವಂತಿಲ್ಲ. ಇನ್ನೊಬ್ಬ ವಿದ್ಯಾರ್ಥಿ ಆರಂಭದಿಂದ ವಿಚಾರಿಸಲಿ. ಆ ಒಂದು ಭವನವನ್ನಲ್ಲದೆ ಸುತ್ತಲಿನ ಇತರ ಕಲ್ಯಾಣ ಮಂಟಪಗಳನ್ನೂ ವಿಚಾರಿಸಲಿ. ಒಂದೇ ಸಂಸ್ಥೆಯನ್ನು ಹಿಡಿದು ಬರೆದರೆ ಓದುಗರಿಗೆ ಅದೊಂದರ ತಪ್ಪಾಗಿ ಕಾಣುತ್ತದೆ, ಊರಿನ ರೂಢಿಯಾಗಿ ಕಾಣುವುದಿಲ್ಲ ಎಂಬುದು ಅವರ ವಾದ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಹೊತ್ತು ತಿರುಗಿದ ವಿಷಯ ಹೀಗೆ ಆಕೆಯ ಕೈತಪ್ಪಿತು.

ದೊಡ್ಡಪ್ಪನಿಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು ಆಕೆಯೇ ಹೋಗಿ ಹೇಳಿದಳು. ಅವರು ನೊಂದುಕೊಂಡರು. “ಮನೆಯ ವಿಷಯವನ್ನು ಬೀದಿಗೆ ತರುತ್ತೀಯಾ, ಮಗು?” ಎಂದರು. “ಅದು ಆಗಲೇ ಬೀದಿಗೆ ಬಂದಿದೆ, ದೊಡ್ಡಪ್ಪ. ಮನೆಯಲ್ಲಿ ಕೇಳಿದ ಒಂದು ಮಾತನ್ನೂ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆ ಹುಡುಗ ಬಂದಾಗ ನೀವು ಉತ್ತರ ಕೊಡಬೇಕು” ಎಂದಳು ಆಕೆ. ಅವರು ಆಗ ಉತ್ತರವನ್ನೇನೂ ಹೇಳಲಿಲ್ಲ.

ವರದಿ ಪ್ರಕಟವಾಯಿತು. ಅದರಲ್ಲಿ ಹಲವು ಮಂಟಪಗಳ ವಿಷಯವಿತ್ತು. ಈ ಟ್ರಸ್ಟು ಬರೆದುಕೊಟ್ಟ ಉತ್ತರವನ್ನು ಪೂರ್ತಿಯಾಗಿ ಹಾಕಿದ್ದರು: ಅಡುಗೆಯವರಿಗೂ ಸ್ವಚ್ಛತೆಯವರಿಗೂ ಬೇರೆ ಬೇರೆ ಗುತ್ತಿಗೆಯಿದ್ದುದರಿಂದ ವಿಂಗಡಣೆ ಯಾರ ಹೊಣೆಯೆಂದು ಸ್ಪಷ್ಟವಿರಲಿಲ್ಲ, ಮುಂದೆ ಮದುವೆಯವರಿಂದಲೇ ಕರಾರು ಬರೆಸಿಕೊಳ್ಳಲಾಗುವುದು ಎಂದು. ವಿದ್ಯಾರ್ಥಿನಿಯ ಹೆಸರು ಎಲ್ಲಿಯೂ ಇರಲಿಲ್ಲ. ಟ್ರಸ್ಟಿನ ಸಭೆಯಲ್ಲಿ ಕೆಲವರು ಪತ್ರಿಕೆಯ ಮೇಲೆ ದಾವೆ ಹೂಡಬೇಕೆಂದರು, ಕೆಲವರು ಪ್ಲಾಸ್ಟಿಕ್ ಲೋಟಗಳನ್ನು ನಿಲ್ಲಿಸಬೇಕೆಂದರು. ದಾವೆ ಹೂಡಲಿಲ್ಲ. ಲೋಟಗಳು ನಿಂತವು, ಹಸಿ ಕಸ ಒಣ ಕಸದ ವಿಂಗಡಣೆ ಕೆಲವು ಮದುವೆಗಳಲ್ಲಿ ನಡೆಯುತ್ತದೆ, ಕೆಲವದರಲ್ಲಿ ಇಲ್ಲ. ದೊಡ್ಡಪ್ಪ ಆ ವರ್ಷದ ಪರ್ಯೂಷಣದವರೆಗೂ ಆಕೆಯೊಡನೆ ಎರಡು ಮಾತಿಗಿಂತ ಹೆಚ್ಚು ಆಡಲಿಲ್ಲ. ಕ್ಷಮಾವಣಿಯ ದಿನ ಮನೆಗೆ ಬಂದು ಕ್ಷಮೆಯ ಮಾತನ್ನು ಎಲ್ಲರಿಗೂ ಹೇಳುವಂತೆ ಆಕೆಗೂ ಹೇಳಿದರು. ವರದಿಯ ಪ್ರಸ್ತಾಪವನ್ನು ಇಬ್ಬರೂ ಎತ್ತಲಿಲ್ಲ.

ಈ ಪ್ರಸಂಗದಲ್ಲಿ ಗೆದ್ದವರು ಯಾರೆಂದು ಕೇಳುವುದು ವ್ಯರ್ಥ. ಅದರಲ್ಲಿ ಕಾಣುವ ಕ್ರಮವೇ ಮುಖ್ಯ. ಹಿಂದಿನ ಸುದ್ದಿಮನೆಯಲ್ಲಿ ಹಿರಿಯ ಉಪಸಂಪಾದಕರು ಹೊರಗಿನಿಂದ ಹಾಕುತ್ತಿದ್ದ ತಡೆಯನ್ನು ಇಲ್ಲಿ ಒಬ್ಬ ವಿದ್ಯಾರ್ಥಿನಿ ಒಳಗಿನಿಂದ ಹಾಕಿಕೊಂಡಳು. ಕಾನೂನು ಈ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು. 1978ರ ಅಧಿನಿಯಮದಂತೆ ರಚಿತವಾದ ಭಾರತೀಯ ಪತ್ರಿಕಾ ಮಂಡಳಿಯ ಅಧಿಕಾರ ಮುದ್ರಿತ ಪತ್ರಿಕೆಗಳಿಗೂ ಸುದ್ದಿಸಂಸ್ಥೆಗಳಿಗೂ ಸಂಬಂಧಿಸಿದ್ದು. 2021ರ ಫೆಬ್ರವರಿ 25ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳು ಆ ಮಂಡಳಿಯ ನಡತೆಯ ಸೂತ್ರಗಳನ್ನು ಜಾಲಪತ್ರಿಕೆಗಳಿಗೂ ಅನ್ವಯಿಸಿ, ದೂರುಗಳನ್ನು ಪ್ರಕಾಶಕರೇ 15 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂದವು; ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಆ ನೀತಿಸಂಹಿತೆಯನ್ನು ಪಾಲಿಸಲೇಬೇಕೆಂಬ ಭಾಗಕ್ಕೆ ತಡೆ ನೀಡಿತು. ಅದಕ್ಕೂ ಮುನ್ನ, 2015ರ ಮಾರ್ಚ್ 24ರಂದು, ಅಂತರಜಾಲದ ಬರಹಕ್ಕಾಗಿ ಬಂಧಿಸಲು ಅವಕಾಶವಿದ್ದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿತ್ತು. ಅತಿಯಾದ ಕಾನೂನು ನಿಜ ಹೇಳುವವನನ್ನೂ ಹೆದರಿಸುತ್ತದೆ. ಕಾನೂನೇ ಇಲ್ಲದಿದ್ದರೆ ಬಡವನ ಮಾನ ಹರಾಜಾಗುತ್ತದೆ. ಈ ಎರಡರ ನಡುವೆ ಬಹಳಷ್ಟು ಜಾಗವನ್ನು ಬರೆಯುವವನ ವಿವೇಕವೇ ತುಂಬಬೇಕಾಗಿದೆ.

ಜಾಲದ ಬರಹಕ್ಕೆ ಇನ್ನೊಂದು ಗುಣವಿದೆ. ಮುದ್ರಿತ ಪತ್ರಿಕೆ ಮರುದಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕಾಗದವಾಗುತ್ತಿತ್ತು. ಅದರೊಂದಿಗೆ ಅವಮಾನವೂ ಹಳತಾಗುತ್ತಿತ್ತು. ಜಾಲದಲ್ಲಿ ಒಮ್ಮೆ ಸೇರಿದ ಹೆಸರು ಹತ್ತು ವರ್ಷಗಳ ಮೇಲೂ, ಆ ವ್ಯಕ್ತಿಯ ಮಗಳ ಮದುವೆಯ ಮಾತಾಡುವಾಗಲೂ, ಹುಡುಕಿದೊಡನೆ ಎದ್ದುಬರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ಅರ್ಥ ಇಂದು ಇನ್ನೂ ಕಠೋರವಾಗಿದೆ: ಆಡಿದ ಮಾತು ಹೋಗುವುದೇ ಇಲ್ಲ. ಆದ್ದರಿಂದ ತಪ್ಪಾದಾಗ ಮೂಲ ಬರಹದಲ್ಲಿಯೇ ದಿನಾಂಕ ಸಹಿತ ತಿದ್ದುಪಡಿಯನ್ನು ಕಾಣಿಸುವ ಪದ್ಧತಿಯನ್ನು ಹೊಸಬರು ಮೊದಲ ದಿನದಿಂದಲೇ ಕಲಿಯಬೇಕು. ಸದ್ದಿಲ್ಲದೆ ಅಳಿಸಿಹಾಕುವುದು ತಿದ್ದುಪಡಿಯಲ್ಲ.

ಇನ್ನೊಂದು ಕಡೆಯವರ ಕರ್ತವ್ಯವನ್ನೂ ಹೇಳದಿದ್ದರೆ ಈ ವಿಚಾರ ಅಪೂರ್ಣವಾಗುತ್ತದೆ. ಬಸದಿಗಳ, ಭವನಗಳ, ವಿದ್ಯಾರ್ಥಿನಿಲಯಗಳ ಆಡಳಿತ ನಡೆಸುವ ಧರ್ಮದರ್ಶಿಗಳ ಬಳಿಗೆ ಇನ್ನು ಮುಂದೆ ಇಂತಹ ವಿದ್ಯಾರ್ಥಿಗಳು ಕೈಯಲ್ಲಿ ದೂರವಾಣಿ ಹಿಡಿದು ಬರುವುದು ಹೆಚ್ಚುತ್ತದೆ. ಅವರನ್ನು ಗೇಟಿನಲ್ಲಿಯೇ ನಿಲ್ಲಿಸಿ ಕಳುಹಿಸುವುದು ಸುಲಭ. ಅವರ ತಂದೆಗೆ ಫೋನು ಮಾಡಿ ದೂರುವುದು ಇನ್ನೂ ಸುಲಭ. ಎರಡರಿಂದಲೂ ಸಂಸ್ಥೆಯ ಗೌರವ ಹೆಚ್ಚುವುದಿಲ್ಲ. ಪ್ರಶ್ನೆಯನ್ನು ಬರಹದಲ್ಲಿ ಪಡೆದು, ಗೊತ್ತಾದ ದಿನದೊಳಗೆ ಬರಹದಲ್ಲಿಯೇ ಉತ್ತರಿಸುವ ಒಬ್ಬರನ್ನು ಪ್ರತಿ ಟ್ರಸ್ಟೂ ನೇಮಿಸಿಕೊಳ್ಳಬಹುದು. ವಾರ್ಷಿಕ ಲೆಕ್ಕಪತ್ರವನ್ನು ಸೂಚನಾಫಲಕದಲ್ಲಿ ಹಾಕಿದ ಸಂಸ್ಥೆಗೆ ವರದಿಗಾರನ ಭಯವಿರುವುದಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳವರು ತಮ್ಮ ಮದುವೆಯ ಎಂಜಲು ಯಾವ ಕಾಲುವೆಯ ದಂಡೆಯಲ್ಲಿ ಕೊಳೆತು ಎಷ್ಟು ಜೀವಿಗಳಿಗೆ ಹಿಂಸೆಯಾಯಿತೆಂದು ಕೇಳುವ ಹುಡುಗಿಯನ್ನು ಶತ್ರುವೆಂದು ತಿಳಿಯಲು ಕಾರಣವಿಲ್ಲ.

ಹಾಗೆಯೇ, ಎರಡೂ ಕಡೆಯ ಮಾತನ್ನು ಹಾಕಿದೊಡನೆ ತನ್ನ ಕೆಲಸ ಮುಗಿಯಿತೆಂದು ವಿದ್ಯಾರ್ಥಿಯೂ ತಿಳಿಯಬಾರದು. ಅನೇಕಾಂತವೆಂದರೆ ಎಲ್ಲ ಮಾತಿಗೂ ಸಮಾನ ಬೆಲೆಯೆಂದಲ್ಲ. ಯಾರು ಯಾವ ನೆಲೆಯಲ್ಲಿ ನಿಂತು ಹೇಳುತ್ತಿದ್ದಾರೆ, ಆ ನೆಲೆಯಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಓದುಗರಿಗೆ ತಿಳಿಯುವಂತೆ ಬರೆಯುವುದು ಅದರ ತಿರುಳು. ಗುತ್ತಿಗೆದಾರನು ಲಾರಿಯ ಬಳಿ ನಿಂತು ಹೇಳಿದ್ದೂ, ಕಾರ್ಯದರ್ಶಿಗಳು ಮೇಜಿನ ಹಿಂದೆ ಕುಳಿತು ಹೇಳಿದ್ದೂ, ಕಸ ಬಾಚುವ ಪೌರಕಾರ್ಮಿಕ ಹೆಂಗಸು ಹೇಳಿದ್ದೂ ಬೇರೆ ಬೇರೆ ನೆಲೆಗಳ ಮಾತುಗಳು. ಅವುಗಳಲ್ಲಿ ಕಾರ್ಯದರ್ಶಿಗಳ ಮಾತನ್ನು ಕೇಳಲು ಎಲ್ಲರೂ ಹೋಗುತ್ತಾರೆ. ಕೊನೆಯವಳ ಮಾತನ್ನು ಕೇಳಲು ಬೆಳಗಿನ ಆರು ಗಂಟೆಗೆ ಎದ್ದು ಹೋಗುವ ವಿದ್ಯಾರ್ಥಿ ಈ ವೃತ್ತಿಗೆ ಯೋಗ್ಯನು.

ಆ ವಿದ್ಯಾರ್ಥಿನಿ ಪದವಿ ಮುಗಿಸಿ ಈಗ ಒಂದು ಸುದ್ದಿಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸಂದರ್ಶನಕ್ಕೆ ಹೋದಾಗ ತನ್ನ ಹೆಸರಿನಲ್ಲಿ ಪ್ರಕಟವಾದ ಬರಹಗಳ ಪಟ್ಟಿಯನ್ನು ಒಪ್ಪಿಸಿದಳು. ಅತ್ಯಂತ ಹೆಚ್ಚು ದುಡಿದ ವಿಷಯ ಆ ಪಟ್ಟಿಯಲ್ಲಿ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಮಕ್ಕಳು ಈ ವೃತ್ತಿಯನ್ನು ಆರಿಸಿಕೊಳ್ಳುತ್ತೇವೆಂದಾಗ ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳು ಹಲವು: ಸಂಬಳವೆಷ್ಟು, ಭದ್ರತೆಯೇನು, ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರುತ್ತೀ ಎಂಬವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಅವುಗಳ ಜೊತೆಗೆ ಇನ್ನೊಂದನ್ನೂ ಕೇಳಿದರೆ ಒಳ್ಳೆಯದು: ಬರೆಯಬಹುದಾಗಿದ್ದ ಯಾವ ಮಾತನ್ನು ನೀನು ಬರೆಯದೆ ಬಿಟ್ಟೆ, ಏಕೆ ಬಿಟ್ಟೆ?